ಬಾರ್ಸಿಲೋನಾದ ಸಾಂತ್ ಮಾರ್ತಿಯಲ್ಲಿ ಬಾಡಿಗೆ ಮನೆ: ಎಲ್ಲಿ ಹುಡುಕಬೇಕು, ಏನನ್ನು ನೋಡಬೇಕು

ಬಾರ್ಸಿಲೋನಾ ನಗರದ ಹತ್ತು ಜಿಲ್ಲೆಗಳಲ್ಲಿ ಜನಸಂಖ್ಯೆಯ ದೃಷ್ಟಿಯಿಂದ ಎರಡನೆಯ ಸ್ಥಾನದಲ್ಲಿರುವುದು ಸಾಂತ್ ಮಾರ್ತಿ. ಸುಮಾರು ಹತ್ತೂವರೆ ಚದರ ಕಿಲೋಮೀಟರ್ ವಿಸ್ತಾರದಲ್ಲಿ ಎರಡು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಇಲ್ಲಿ ವಾಸವಾಗಿದ್ದಾರೆ. 1897ರವರೆಗೆ ಇದು ಸಾಂತ್ ಮಾರ್ತಿ ದೆ ಪ್ರೊವೆನ್ಸಾಲ್ಸ್ ಎಂಬ ಪ್ರತ್ಯೇಕ ಪುರಸಭೆಯಾಗಿತ್ತು. ಬಟ್ಟೆ ಗಿರಣಿಗಳ ಸಾಲಿನಿಂದಾಗಿ ‘ಕತಲಾನ್ ಮ್ಯಾಂಚೆಸ್ಟರ್’ ಎಂದು ಕರೆಸಿಕೊಂಡಿದ್ದ ಪ್ರದೇಶವಿದು. ಆ ಗಿರಣಿಗಳು ನಿಂತುಹೋದ ಜಾಗದಲ್ಲೇ 2000ದಲ್ಲಿ ನಗರಾಡಳಿತ 22@ ಎಂಬ ತಂತ್ರಜ್ಞಾನ ವಲಯದ ಯೋಜನೆಗೆ ಒಪ್ಪಿಗೆ ನೀಡಿತು. ಬೆಂಗಳೂರಿನಿಂದ ಕೆಲಸದ ಮೇಲೆ ಬಾರ್ಸಿಲೋನಾಕ್ಕೆ ಬರುವ ಕನ್ನಡಿಗರಲ್ಲಿ ಹಲವರ ಕಚೇರಿ ಈ ವಲಯದಲ್ಲೇ ಇರುವುದರಿಂದ ‘ಕಚೇರಿಗೆ ಹತ್ತಿರ, ಸಮುದ್ರಕ್ಕೂ ಹತ್ತಿರ’ ಎಂಬ ಲೆಕ್ಕದಲ್ಲಿ ಸಾಂತ್ ಮಾರ್ತಿಯ ಹೆಸರು ಪಟ್ಟಿಯ ಮೊದಲಿಗೆ ಬರುವುದು ಸಹಜ.

ಆದರೆ ‘ಸಾಂತ್ ಮಾರ್ತಿಯಲ್ಲಿ ಮನೆ ಬೇಕು’ ಎಂದು ಹೇಳಿದರೆ ಏನನ್ನೂ ಹೇಳಿದಂತಾಗುವುದಿಲ್ಲ. ಈ ಒಂದೇ ಜಿಲ್ಲೆಯಲ್ಲಿ ನಗರದ ಅತ್ಯಂತ ದುಬಾರಿ ಕಡಲತೀರದ ಗೋಪುರದಂಥ ವಸತಿ ಕಟ್ಟಡಗಳೂ ಇವೆ, ತೀರಾ ಸಾಧಾರಣ ಆದಾಯದ ಕುಟುಂಬಗಳು ವಾಸಿಸುವ ಅರವತ್ತರ ದಶಕದ ವಸತಿ ಸಮುಚ್ಚಯಗಳೂ ಇವೆ, ಅವೆರಡರ ನಡುವಿನ ನಡಿಗೆ ಕೆಲವೊಮ್ಮೆ ಹತ್ತು ನಿಮಿಷಕ್ಕಿಂತ ಹೆಚ್ಚಿಲ್ಲ. ಹೀಗಾಗಿ ಬಡಾವಣೆಯ ಹೆಸರನ್ನು ಹಿಡಿದುಕೊಂಡು ಹುಡುಕುವುದಕ್ಕಿಂತ ಕರಾರಿನ ಬಗೆ, ಓಡಾಟದ ದಾರಿ ಮತ್ತು ಬೀದಿ ಎಂಬ ಮೂರನ್ನು ಇದೇ ಕ್ರಮದಲ್ಲಿ ತೀರ್ಮಾನಿಸುತ್ತ ಹೋಗುವುದು ಒಳ್ಳೆಯದು. ಮುಂದಿನ ಹೆಜ್ಜೆಗಳನ್ನು ಆ ಕ್ರಮದಲ್ಲೇ ಬರೆದಿದ್ದೇನೆ.

ಮೊದಲ ಹೆಜ್ಜೆ: ಯಾವ ಬಗೆಯ ಕರಾರು ಎಂಬುದನ್ನು ನಿರ್ಧರಿಸಿಕೊಳ್ಳಿ

ಕರ್ನಾಟಕದಲ್ಲಿ ಹನ್ನೊಂದು ತಿಂಗಳ ಬಾಡಿಗೆ ಕರಾರು ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಒಂದು ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಾಗುತ್ತದೆ ಎಂಬ ಕಾರಣಕ್ಕೆ ಅದೇ ರೂಢಿಯಾಗಿಬಿಟ್ಟಿದೆ. ಆ ಅಭ್ಯಾಸದ ಕಣ್ಣಿನಿಂದಲೇ ಬಾರ್ಸಿಲೋನಾದ ಹನ್ನೊಂದು ತಿಂಗಳ ಕರಾರನ್ನು ನೋಡಿ ಸಹಿ ಹಾಕಬಾರದು. ಇಲ್ಲಿ ಹನ್ನೊಂದು ತಿಂಗಳು ಎಂದರೆ ಬಹುತೇಕ ಅದು ‘ತೆಂಪೊರಾದಾ’, ಅಂದರೆ ತಾತ್ಕಾಲಿಕ ವಾಸದ ಕರಾರು, ಎಂದೇ ಅರ್ಥ. ಸಾಮಾನ್ಯ ವಾಸದ ಕರಾರಿಗೆ ಇರುವ ರಕ್ಷಣೆಗಳಲ್ಲಿ ಹೆಚ್ಚಿನವು ಅದಕ್ಕೆ ಅನ್ವಯಿಸುವುದಿಲ್ಲ.

ಸ್ಪೇನಿನ ನಗರ ಬಾಡಿಗೆ ಕಾನೂನು 1994ರದ್ದು. ಅದಕ್ಕೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಖಾಯಂ ವಾಸಕ್ಕಾಗಿ ಮಾಡಿಕೊಂಡ ಕರಾರಿನಲ್ಲಿ ಮಾಲೀಕರು ವ್ಯಕ್ತಿಯಾಗಿದ್ದರೆ ಐದು ವರ್ಷ, ಕಂಪನಿಯಾಗಿದ್ದರೆ ಏಳು ವರ್ಷ ಆ ಮನೆಯಲ್ಲಿ ಇರುವ ಹಕ್ಕು ಬಾಡಿಗೆದಾರರಿಗೆ ದೊರೆಯುತ್ತದೆ. ಪತ್ರದಲ್ಲಿ ‘ಒಂದು ವರ್ಷ’ ಎಂದು ಬರೆದಿದ್ದರೂ ಬಾಡಿಗೆದಾರರು ಬಯಸಿದರೆ ಅದು ವರ್ಷದಿಂದ ವರ್ಷಕ್ಕೆ ತಾನಾಗಿ ಮುಂದುವರಿಯುತ್ತದೆ. ಇದಕ್ಕಿರುವ ಮುಖ್ಯ ಅಪವಾದವೆಂದರೆ, ತಮಗೋ ತಮ್ಮ ಹತ್ತಿರದ ಬಂಧುಗಳಿಗೋ ಮನೆ ಬೇಕಾಗಬಹುದು ಎಂದು ಮಾಲೀಕರು ಕರಾರಿನಲ್ಲೇ ಮೊದಲು ಬರೆದಿಟ್ಟಿದ್ದರೆ ಒಂದು ವರ್ಷದ ನಂತರ ಬಿಟ್ಟುಕೊಡುವಂತೆ ಕೇಳಬಹುದು. ಆ ಷರತ್ತು ಇದೆಯೇ ಎಂದು ಹುಡುಕಿ ಓದಿ. ಬಾಡಿಗೆದಾರರಿಗೆ ಮಾತ್ರ ಆರು ತಿಂಗಳು ಕಳೆದ ಮೇಲೆ ಮೂವತ್ತು ದಿನ ಮುಂಚಿತವಾಗಿ ತಿಳಿಸಿ ಹೊರಡುವ ಸ್ವಾತಂತ್ರ್ಯವಿದೆ. ಕರಾರಿನಲ್ಲಿ ದಂಡದ ಷರತ್ತು ಇದ್ದರೂ ಅದು, ಉಳಿದಿರುವ ಅವಧಿಯ ಪ್ರತಿ ವರ್ಷಕ್ಕೆ ಒಂದು ತಿಂಗಳ ಬಾಡಿಗೆಯ ಲೆಕ್ಕವನ್ನು ಮೀರುವಂತಿಲ್ಲ.

ಹಣದ ವಿಷಯದಲ್ಲೂ ಎರಡಕ್ಕೆ ವ್ಯತ್ಯಾಸವಿದೆ. ಖಾಯಂ ವಾಸದ ಕರಾರಿಗೆ ಶಾಸನಬದ್ಧ ಠೇವಣಿ ಒಂದೇ ತಿಂಗಳ ಬಾಡಿಗೆ, ಅದರ ಮೇಲೆ ಹೆಚ್ಚುವರಿ ಖಾತರಿಯಾಗಿ ಎರಡು ತಿಂಗಳಿನದ್ದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರಿಗೆ ಇದು ತೀರಾ ಕಡಿಮೆ ಎನಿಸಬಹುದು. ಅದೇ ತಾತ್ಕಾಲಿಕ ಕರಾರಿಗೆ ಶಾಸನಬದ್ಧ ಠೇವಣಿಯೇ ಎರಡು ತಿಂಗಳು. 2023ರ ವಸತಿ ಕಾನೂನಿನ ನಂತರ ಖಾಯಂ ವಾಸದ ಕರಾರಿನಲ್ಲಿ ಏಜೆನ್ಸಿಯ ಶುಲ್ಕವನ್ನು ಮಾಲೀಕರೇ ಭರಿಸಬೇಕು. ತಾತ್ಕಾಲಿಕ ಕರಾರಿನ ಹೆಸರಿನಲ್ಲಿ ಆ ಹೊರೆಯನ್ನು ಬಾಡಿಗೆದಾರರ ಮೇಲೆ ಹಾಕುವುದು ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿಬಿಟ್ಟಿದೆ. ಬಾಡಿಗೆ ಮಿತಿಯೂ ಬಂದಿದೆ: 2024ರ ಮಾರ್ಚ್ 16ರಿಂದ ಬಾರ್ಸಿಲೋನಾವನ್ನು ಮೂರು ವರ್ಷಗಳ ಅವಧಿಗೆ ‘ಒತ್ತಡದ ಮಾರುಕಟ್ಟೆ ವಲಯ’ ಎಂದು ಘೋಷಿಸಲಾಯಿತು. ಇದರಂತೆ ಹೊಸ ಖಾಯಂ ಕರಾರಿನ ಬಾಡಿಗೆಯನ್ನು ಹಿಂದಿನ ಕರಾರಿನ ಬಾಡಿಗೆಗೆ ಕಟ್ಟಿಹಾಕಲಾಗಿದೆ, ಹೆಚ್ಚು ಮನೆಗಳನ್ನು ಹೊಂದಿರುವ ದೊಡ್ಡ ಮಾಲೀಕರಿಗೆ ಸರ್ಕಾರದ ದರ ಸೂಚ್ಯಂಕದ ಮಿತಿಯೂ ಇದೆ. ಹಿಂದಿನ ಬಾಡಿಗೆ ಎಷ್ಟಿತ್ತೆಂಬುದನ್ನು ಕೇಳುವುದು ನಿಮ್ಮ ಹಕ್ಕೇ ಹೊರತು ಅಧಿಕಪ್ರಸಂಗವಲ್ಲ.

ಹಾಗೆಂದು ತಾತ್ಕಾಲಿಕ ಕರಾರು ಕೆಟ್ಟದ್ದೆಂದೇನಲ್ಲ. ಆರು ತಿಂಗಳ ನಿಯೋಜನೆಯ ಮೇಲೆ ಬಂದವರಿಗೆ, ಕುಟುಂಬ ಬರುವ ಮೊದಲು ಊರು ನೋಡಿಕೊಳ್ಳಬೇಕೆನ್ನುವವರಿಗೆ ಅದೇ ಸರಿ. ಆದರೆ ಮಕ್ಕಳನ್ನು ಶಾಲೆಗೆ ಸೇರಿಸಿ ಮೂರು ವರ್ಷ ಇರುವ ಉದ್ದೇಶವಿದ್ದವರು, ಬಾಲ್ಕನಿಯಿಂದ ಸಮುದ್ರ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ಹನ್ನೊಂದು ತಿಂಗಳ ಮನೆಯನ್ನು ಹಿಡಿಯುವುದು ನನ್ನ ದೃಷ್ಟಿಯಲ್ಲಿ ಅವಿವೇಕ. ತಾತ್ಕಾಲಿಕ ಕರಾರು ಮತ್ತು ಬಿಡಿ ಕೋಣೆಗಳ ಬಾಡಿಗೆಯನ್ನು ಬಿಗಿಗೊಳಿಸುವ ಶಾಸನ ಪ್ರಯತ್ನಗಳು ಬಾರ್ಸಿಲೋನಾ ಇರುವ ಸ್ವಾಯತ್ತ ಪ್ರಾಂತ್ಯವಾದ ಕತಲೂನ್ಯದಲ್ಲಿ ಪದೇಪದೇ ನಡೆದಿವೆ. ಆದ್ದರಿಂದ ಸಹಿ ಮಾಡುವ ವಾರದಲ್ಲಿ ಜಾರಿಯಲ್ಲಿರುವ ನಿಯಮವನ್ನು ಜಿಲ್ಲೆಯ ವಸತಿ ಕಚೇರಿಯಲ್ಲಿ ವಿಚಾರಿಸಿ. ನಗರದ ಹತ್ತೂ ಜಿಲ್ಲೆಗಳಲ್ಲಿ ಅಂಥ ಕಚೇರಿಯಿದೆ.

ಎರಡನೆಯ ಹೆಜ್ಜೆ: ಲೆಕ್ಕ ಮತ್ತು ಕಾಗದ

ಒಳ್ಳೆಯ ಮನೆಯ ಜಾಹೀರಾತು ಕೆಲವೇ ಗಂಟೆಗಳಲ್ಲಿ ಮಾಯವಾಗುವ ಊರಿದು. ಮನೆ ನೋಡಿ ಬಂದು ಕಾಗದ ಹೊಂದಿಸಲು ಕುಳಿತವರಿಗಿಂತ, ಕಾಗದವನ್ನು ಒಂದೇ ಪಿಡಿಎಫ್ ಮಾಡಿ ಕೈಯಲ್ಲಿಟ್ಟುಕೊಂಡು ಹೋದವರಿಗೆ ಮನೆ ಸಿಗುತ್ತದೆ. ಪಾಸ್‌ಪೋರ್ಟ್, ವಿದೇಶಿಯರ ಗುರುತಿನ ಸಂಖ್ಯೆ (ಎನ್‌ಐಇ), ಉದ್ಯೋಗದ ಕರಾರು, ಕೊನೆಯ ಮೂರು ತಿಂಗಳ ಪೇ ಸ್ಲಿಪ್ ಇಷ್ಟು ಸಾಮಾನ್ಯವಾಗಿ ಕೇಳುತ್ತಾರೆ. ಹೊಸದಾಗಿ ಬಂದವರ ಬಳಿ ಸ್ಪೇನಿನ ಪೇ ಸ್ಲಿಪ್ ಇರುವುದಿಲ್ಲ. ಅಂಥವರು ಸಂಬಳದ ಮೊತ್ತ ಮತ್ತು ನೇಮಕಾತಿ ಖಾಯಂ ಎಂಬುದನ್ನು ಸ್ಪಷ್ಟವಾಗಿ ಹೇಳುವ ಪತ್ರವನ್ನು ಕಂಪನಿಯಿಂದ ಸ್ಪ್ಯಾನಿಷ್‌ನಲ್ಲೇ ಬರೆಸಿಕೊಳ್ಳಬೇಕು. ಬಾಡಿಗೆ ಬಾಕಿಯ ವಿಮೆ ಮಾಡಿಸುವ ಮಾಲೀಕರು ಈಗ ಹೆಚ್ಚಾಗಿದ್ದಾರೆ. ಕೈಗೆ ಬರುವ ಸಂಬಳದ ಮೂರನೆಯ ಒಂದು ಭಾಗಕ್ಕಿಂತ ಬಾಡಿಗೆ ತೀರಾ ಹೆಚ್ಚಾದರೆ ಆ ವಿಮಾ ಕಂಪನಿಯೇ ನಿಮ್ಮ ಅರ್ಜಿಯನ್ನು ತಳ್ಳಿಹಾಕಬಹುದು, ಮಾಲೀಕರ ಒಳ್ಳೆಯತನ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ನಗರದಲ್ಲಿ ಹೊಸದಾಗಿ ನೋಂದಾಯಿತವಾಗುವ ಕರಾರುಗಳ ಸರಾಸರಿ ಬಾಡಿಗೆ ತಿಂಗಳಿಗೆ 1100 ಯೂರೊ ಆಸುಪಾಸಿನಲ್ಲಿದೆ. ಜಾಲತಾಣಗಳಲ್ಲಿ ಕಾಣುವ ದರ ಅದಕ್ಕಿಂತ ಹೆಚ್ಚು, ಏಕೆಂದರೆ ಅಗ್ಗದ ಮನೆಗಳು ಅಲ್ಲಿ ಹೆಚ್ಚು ಹೊತ್ತು ಉಳಿಯುವುದೇ ಇಲ್ಲ. ಸಾಂತ್ ಮಾರ್ತಿಯೊಳಗೆ ಈ ಸರಾಸರಿಗೂ ಅರ್ಥವಿಲ್ಲ. ಕಡಲ ಕಡೆ ಅದರ ಎಷ್ಟೋ ಮೇಲೆ, ಒಳನಾಡಿನ ಪೂರ್ವದ ಅಂಚಿನಲ್ಲಿ ಅದರ ಕೆಳಗೆ.

ಮೂರನೆಯ ಹೆಜ್ಜೆ: ಮೆಟ್ರೊ ನಕ್ಷೆಯನ್ನು ಬಡಾವಣೆ ನಕ್ಷೆಯ ಮೇಲೆ ಇಟ್ಟು ನೋಡಿ

ಈ ಜಿಲ್ಲೆಯ ಓಡಾಟದ ಗುಟ್ಟು ಇಷ್ಟೇ: ಸಮುದ್ರಕ್ಕೆ ಸಮಾನಾಂತರವಾಗಿ ಸಾಗುವುದು ಸುಲಭ, ಸಮುದ್ರದಿಂದ ಬೆಟ್ಟದ ಕಡೆಗೆ ಅಡ್ಡ ಸಾಗುವುದು ನಿಧಾನ. ಹಳದಿ ಬಣ್ಣದ ಎಲ್4 ಮಾರ್ಗ ಕಡಲಂಚಿನ ಬಡಾವಣೆಗಳನ್ನು ಪೋಣಿಸಿಕೊಂಡು ಹೋಗುತ್ತದೆ: ಸಿಯುತದೆಯ್ಯಾ–ವಿಲಾ ಒಲಿಂಪಿಕಾ, ಬೊಗಾತೆಲ್, ಲ್ಯಾಕುನಾ, ಪೋಬ್ಲೆನೌ, ಸೆಲ್ವಾ ದೆ ಮಾರ್, ಮರೇಸ್ಮೆ–ಫೋರುಮ್, ಬೆಸೋಸ್ ಮಾರ್, ಬೆಸೋಸ್, ಲಾ ಪೌ. ಕೆಂಪು ಬಣ್ಣದ ಎಲ್1 ಗ್ಲೋರಿಯೆಸ್, ಕ್ಲೋತ್, ನಾವಾಸ್ ಮೂಲಕ ಹೋಗುತ್ತದೆ. ನೇರಳೆ ಬಣ್ಣದ ಎಲ್2 ಎಂಕಾಂತ್ಸ್, ಕ್ಲೋತ್, ಬಾಕ್ ದೆ ರೋದಾ, ಸಾಂತ್ ಮಾರ್ತಿ, ಲಾ ಪೌ, ವೆರ್ನೆದಾ ನಿಲ್ದಾಣಗಳನ್ನು ಮುಟ್ಟುತ್ತದೆ. ನೀಲಿ ಎಲ್5 ಜಿಲ್ಲೆಯ ಮೇಲಂಚಿನ ಕಾಂಪ್ ದೆ ಲಾರ್ಪಾವನ್ನಷ್ಟೇ ತಾಕುತ್ತದೆ. ಇದರ ಜೊತೆಗೆ ಟಿ4 ಟ್ರಾಮ್ ಗ್ಲೋರಿಯೆಸ್‌ನಿಂದ ದಿಯಾಗೊನಾಲ್ ರಸ್ತೆಯುದ್ದಕ್ಕೂ 22@ ವಲಯದ ನಡುವೆಯೇ ಸಾಗಿ ಫೋರುಮ್ ಕಡೆಗೆ ಇಳಿಯುತ್ತದೆ. 2024ರ ನವೆಂಬರಿನಲ್ಲಿ ಇದನ್ನು ನಗರದ ನಡುವಿನ ವೆರ್ದಾಗೆರ್‌ವರೆಗೆ ವಿಸ್ತರಿಸಿದ್ದಾರೆ.

ಕ್ಲೋತ್ ನಿಲ್ದಾಣದ ಬೆಲೆ ಹೊಸಬರಿಗೆ ಬೇಗ ಹೊಳೆಯುವುದಿಲ್ಲ. ಎರಡು ಮೆಟ್ರೊ ಮಾರ್ಗಗಳು ಅಲ್ಲಿ ಸೇರುತ್ತವೆ, ಪಕ್ಕದಲ್ಲೇ ಎಲ್ ಕ್ಲೋತ್–ಅರಗೋ ರೈಲು ನಿಲ್ದಾಣವಿದೆ, ಅಲ್ಲಿಂದ ಆರ್2 ನೋರ್ದ್ ಉಪನಗರ ರೈಲು ಸಾಂತ್ಸ್ ನಿಲ್ದಾಣದ ಮೂಲಕ ನೇರವಾಗಿ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ. ದಂಪತಿಗಳಲ್ಲಿ ಒಬ್ಬರ ಕಚೇರಿ 22@ನಲ್ಲಿದ್ದು ಇನ್ನೊಬ್ಬರದು ನಗರದ ಇನ್ನೊಂದು ತುದಿಯಲ್ಲಿದ್ದರೆ ಕ್ಲೋತ್ ಸುತ್ತ ಹತ್ತು ನಿಮಿಷದ ನಡಿಗೆಯ ವೃತ್ತವನ್ನು ಎಳೆದು ಅದರೊಳಗೆ ಹುಡುಕುವುದು ಉತ್ತಮ. ಇಬ್ಬರ ಕೆಲಸವೂ 22@ನೊಳಗೇ ಆದರೆ ಟ್ರಾಮ್ ಸಾಲು ಸಾಕು, ಇಲ್ಲವೇ ಸೈಕಲ್ ಸಾಕು. ಜಿಲ್ಲೆ ಬಹುಪಾಲು ಸಮತಟ್ಟಾಗಿದೆ.

ನಾಲ್ಕನೆಯ ಹೆಜ್ಜೆ: ಬಡಾವಣೆಗಳ ಗುಣ ತಿಳಿದುಕೊಳ್ಳಿ

ಜಿಲ್ಲೆಯಲ್ಲಿ ಅಧಿಕೃತವಾಗಿ ಹತ್ತು ಬಡಾವಣೆಗಳಿವೆ. ಎಲ್ಲವನ್ನೂ ಒಂದೇ ತೂಕದಲ್ಲಿ ವಿವರಿಸುವ ಅಗತ್ಯವಿಲ್ಲ. ಬಾಡಿಗೆಗೆ ಬರುವವರಿಗೆ ನಿಜವಾಗಿ ಗೊಂದಲವಾಗುವುದು ನಾಲ್ಕೈದು ಕಡೆಗಳಲ್ಲಿ.

ವಿಲಾ ಒಲಿಂಪಿಕಾ ಮತ್ತು ದಿಯಾಗೊನಾಲ್ ಮಾರ್ ಎರಡೂ ಕಡಲಂಚಿನ ಹೊಸ ಕಟ್ಟಡಗಳ ಬಡಾವಣೆಗಳು. ಮೊದಲನೆಯದು 1992ರ ಒಲಿಂಪಿಕ್ಸ್‌ಗೆ ಬಂದ ಕ್ರೀಡಾಪಟುಗಳಿಗಾಗಿ, ಹಳೆಯ ಕೈಗಾರಿಕಾ ಜಾಗವನ್ನು ತೆರವುಗೊಳಿಸಿ ಕಟ್ಟಿದ್ದು. ಅಲ್ಲಿ ಲಿಫ್ಟ್, ಗ್ಯಾರೇಜು, ಒಳ ಉದ್ಯಾನ ಎಲ್ಲವೂ ಇವೆ, ಬೀದಿಯಲ್ಲಿ ಮಾತ್ರ ಅಂಗಡಿಗಳು ವಿರಳ; ಕೊತ್ತಂಬರಿ ಸೊಪ್ಪಿಗೂ ಸ್ವಲ್ಪ ದೂರ ನಡೆಯಬೇಕು. ಎರಡನೆಯದು ದಿಯಾಗೊನಾಲ್ ರಸ್ತೆಯನ್ನು 1999ರಲ್ಲಿ ಸಮುದ್ರದವರೆಗೆ ಒಯ್ದ ನಂತರ, 2004ರ ಫೋರುಮ್ ಮಹಾಮೇಳದ ಆಸುಪಾಸಿನಲ್ಲಿ ಎದ್ದುನಿಂತ ಗೋಪುರಗಳ ಸಾಲು. ಕೆಲವು ಸಮುಚ್ಚಯಗಳಲ್ಲಿ ಈಜುಕೊಳವಿದೆ, ಕಾವಲುಗಾರರಿದ್ದಾರೆ. ವೈಟ್‌ಫೀಲ್ಡ್‌ನ ಗೇಟೆಡ್ ಸಮುದಾಯದಲ್ಲಿ ಇದ್ದು ಬಂದವರಿಗೆ ಇದು ಪರಿಚಿತವೆನಿಸುತ್ತದೆ, ಬಾಡಿಗೆಯೂ ಅದೇ ಬಗೆಯಲ್ಲಿ ಮೇಲಿದೆ. ಹಿಡಿಯುವ ಮೊದಲು ಒಂದನ್ನು ಗಮನಿಸಿ: ಪಕ್ಕದ ಫೋರುಮ್ ಮೈದಾನದಲ್ಲಿ ಬೇಸಿಗೆಯ ಆರಂಭದಲ್ಲಿ ದೊಡ್ಡ ಸಂಗೀತೋತ್ಸವಗಳು ನಡೆಯುತ್ತವೆ, ಗಾಳಿಯ ದಿಕ್ಕನ್ನು ಅನುಸರಿಸಿ ಬಾಸ್ ಸದ್ದು ನಸುಕಿನವರೆಗೂ ಮನೆಯೊಳಗೆ ಬರುತ್ತದೆ.

ಪೋಬ್ಲೆನೌ ಈ ಜಿಲ್ಲೆಯ ಹೃದಯ, ಎಲ್ಲರ ಮೊದಲ ಆಸೆಯೂ ಅದೇ. ಮರಗಳ ಸಾಲಿನ ರಾಂಬ್ಲಾ ಬೀದಿ ದಿಯಾಗೊನಾಲ್‌ನಿಂದ ಕಡಲ ಕಡೆಗೆ ಇಳಿಯುತ್ತದೆ; ಸಂಜೆ ಅಜ್ಜ ಅಜ್ಜಿಯರು ಬೆಂಚುಗಳ ಮೇಲೆ, ಮಕ್ಕಳು ಬೀದಿಯ ನಡುವೆ, 1912ರಿಂದ ನಡೆದುಕೊಂಡು ಬಂದಿರುವ ಎಲ್ ತಿಯೋ ಚೆ ಅಂಗಡಿಯ ಮುಂದೆ ಒರ್ಚಾತಾ ಪಾನೀಯಕ್ಕೆ ನಿಂತವರ ಸಾಲು. ಊರಿನೊಳಗೊಂದು ಊರು ಎನ್ನುವಂಥ ಈ ಬದುಕು ನಿಜವಾದದ್ದೇ. ಆದರೆ ಈ ಚೆಂದಕ್ಕೆ ತೆರಬೇಕಾದ ಬೆಲೆ ಎರಡು ಬಗೆಯದು: ಬಾಡಿಗೆ ಮತ್ತು ಶಬ್ದ. ರಾಂಬ್ಲಾಕ್ಕೆ ಮುಖ ಮಾಡಿದ ಮನೆಗಳ ಕೆಳಗೆ ಹೋಟೆಲುಗಳ ಹೊರಾಂಗಣ ಮೇಜುಗಳು ತಡರಾತ್ರಿಯವರೆಗೂ ತುಂಬಿರುತ್ತವೆ. ಅಲ್ಲಿಂದ ಎರಡು ಬೀದಿ ಬೆಸೋಸ್ ನದಿಯ ಕಡೆಗೆ ಸರಿದರೆ ಅದೇ ಮಾರುಕಟ್ಟೆ, ಅದೇ ಮೆಟ್ರೊ, ಬೇರೆಯೇ ರಾತ್ರಿ. ಈ ಭಾಗದಲ್ಲಿ ಗೋದಾಮು ಅಥವಾ ಗಿರಣಿಯನ್ನು ಪರಿವರ್ತಿಸಿದ ‘ಲಾಫ್ಟ್’ಗಳೂ ಬಾಡಿಗೆಗೆ ಸಿಗುತ್ತವೆ. ಎತ್ತರದ ಛಾವಣಿ, ದೊಡ್ಡ ಕಿಟಕಿ ನೋಡಿ ಮರುಳಾಗುವ ಮುನ್ನ ಅದಕ್ಕೆ ‘ಸೆದುಲಾ ದಾಬಿತಾಬಿಲಿತಾತ್’ ಇದೆಯೇ ಎಂದು ಕೇಳಿ. ವಾಸಕ್ಕೆ ಯೋಗ್ಯ ಎಂದು ಕತಲೂನ್ಯ ಸರ್ಕಾರ ನೀಡುವ ಪ್ರಮಾಣಪತ್ರವದು. ಅದಿಲ್ಲದ ಜಾಗ ಕಾಗದದ ಮೇಲೆ ಮನೆಯಲ್ಲ, ಕಚೇರಿಯೋ ಕಾರ್ಯಾಗಾರವೋ ಆಗಿರುತ್ತದೆ.

ಪಾರ್ಕ್ ಇ ಲಾ ಲ್ಯಾಕುನಾ ಹಾಗೂ ಪ್ರೊವೆನ್ಸಾಲ್ಸ್ ದೆಲ್ ಪೋಬ್ಲೆನೌ 22@ ಕಚೇರಿಗಳು ಹರಡಿಕೊಂಡಿರುವ ಬಡಾವಣೆಗಳು. ಕಚೇರಿ ಬೀದಿಗಳ ತೊಂದರೆ ಎಂದರೆ ವಾರದ ದಿನ ಮಧ್ಯಾಹ್ನ ಎರಡಕ್ಕೆ ಊಟದ ಜನಜಂಗುಳಿ, ಭಾನುವಾರ ಅದೇ ಬೀದಿಯಲ್ಲಿ ತೆರೆದ ಒಂದು ಬೇಕರಿಯೂ ಇರುವುದಿಲ್ಲ. ಪಾರ್ಕ್ ಇ ಲಾ ಲ್ಯಾಕುನಾದ ಅಲ್ಮೊಗಾವರ್ಸ್ ಬೀದಿಯ ಸುತ್ತ ರಾಜ್ಮತಾಜ್ ಎಂಬ ದೊಡ್ಡ ನೃತ್ಯ ಕ್ಲಬ್ ಇದೆ. ವಾರಾಂತ್ಯದ ಬೆಳಗಿನ ಜಾವ ಆ ಬೀದಿಗಳ ಸ್ಥಿತಿಯನ್ನು ಕಣ್ಣಾರೆ ಕಂಡ ಮೇಲೆ ನಿರ್ಧರಿಸಿ. ಇದೇ ಬಡಾವಣೆಯಲ್ಲಿ 2016ರಲ್ಲಿ ಆರಂಭವಾದ ‘ಸುಪರ್‌ಇಯ್ಯಾ’ ಕೂಡ ಇದೆ. ನಾಲ್ಕೂ ಕಡೆ ಬೀದಿಗಳಿರುವ ಕೆಲವು ಕಟ್ಟಡ ಸಮೂಹಗಳನ್ನು (ಚೌಕಗಳನ್ನು) ಒಟ್ಟುಗೂಡಿಸಿ ಒಳಬೀದಿಗಳಿಂದ ವಾಹನ ಸಂಚಾರವನ್ನು ಹೊರಗಿಟ್ಟ ಆ ಪ್ರಯೋಗದ ಒಳಗಿನ ಮನೆಗಳಲ್ಲಿ ಕಿಟಕಿ ತೆರೆದಿಟ್ಟು ಮಲಗಬಹುದು. ಚಿಕ್ಕ ಮಕ್ಕಳಿರುವವರು ಆ ನಾಲ್ಕಾರು ಬೀದಿಗಳಲ್ಲಿ ಮನೆ ಖಾಲಿಯಾದರೆ ಬಿಡಬಾರದು.

ಈಗ ಗ್ರಾನ್ ವಿಯಾ ರಸ್ತೆಯನ್ನು ದಾಟಿ ಬೆಟ್ಟದ ಕಡೆಗೆ ಬರೋಣ. ಎಲ್ ಕ್ಲೋತ್ ಮತ್ತು ಕಾಂಪ್ ದೆ ಲಾರ್ಪಾ ಜಾಹೀರಾತುಗಳಲ್ಲಿ ಅಷ್ಟಾಗಿ ಮೆರೆಯದ, ನನ್ನ ಅಭಿಪ್ರಾಯದಲ್ಲಿ ಜಿಲ್ಲೆಯಲ್ಲೇ ಅತ್ಯಂತ ಸಮಂಜಸವಾದ ಬಡಾವಣೆಗಳು. ಹಳೆಯ ಹಳ್ಳಿಯ ಕಿರುಬೀದಿಗಳು, ಮುಚ್ಚಿದ ಮಾರುಕಟ್ಟೆ, ನೆಲಮಹಡಿಯಲ್ಲಿ ಹಾರ್ಡ್‌ವೇರ್ ಅಂಗಡಿ, ಮೇಲೆ ತಲೆಮಾರುಗಳಿಂದ ಅಲ್ಲೇ ಇರುವ ಕುಟುಂಬಗಳು. ಪ್ರವಾಸಿಗರು ಕಡಿಮೆ, ಪ್ರಸಿದ್ಧ ಸಾಗ್ರಾದಾ ಫಮಿಲಿಯಾ ಚರ್ಚು ಹತ್ತಿರವಿದ್ದರೂ ಅದರ ಗದ್ದಲ ಇಲ್ಲಿಯವರೆಗೆ ಬರುವುದಿಲ್ಲ. ಗ್ಲೋರಿಯೆಸ್ ವೃತ್ತದ ಮೇಲ್ಸೇತುವೆಯನ್ನು 2014ರಲ್ಲಿ ಕೆಡವಿ, 2021–22ರಲ್ಲಿ ವಾಹನಗಳನ್ನು ಸುರಂಗಕ್ಕೆ ಇಳಿಸಿದ ಮೇಲೆ ಈ ಬಡಾವಣೆಗಳ ಕೆಳ ಅಂಚು ಬಹಳಷ್ಟು ಬದಲಾಗಿದೆ. ಹಿಂದೆ ಹೊಗೆಯೇ ತುಂಬಿದ್ದ ಜಾಗದಲ್ಲಿ ಈಗ ಹುಲ್ಲುಹಾಸು. ಕೊರತೆಯೆಂದರೆ ಕಟ್ಟಡಗಳು ಹಳೆಯವು, ಎಷ್ಟೋ ಕಡೆ ಲಿಫ್ಟ್ ಇಲ್ಲ, ಕೋಣೆಗಳು ಕಿರಿದು.

ಸಾಂತ್ ಮಾರ್ತಿ ದೆ ಪ್ರೊವೆನ್ಸಾಲ್ಸ್ ಹಾಗೂ ವೆರ್ನೆದಾ ಇ ಲಾ ಪೌ ಐವತ್ತರಿಂದ ಎಪ್ಪತ್ತರ ದಶಕದ ನಡುವೆ ಎದ್ದ ಎತ್ತರದ ಸಮುಚ್ಚಯಗಳ ಬಡಾವಣೆಗಳು. ನೋಟಕ್ಕೆ ಆಕರ್ಷಕವಲ್ಲ, ಆದರೆ ಲಿಫ್ಟ್ ಇದೆ, ಬೆಳಕು ಇದೆ, ಗಿಪೂಸ್ಕುವಾ ರಾಂಬ್ಲಾದಲ್ಲಿ ದಿನಬಳಕೆಯ ಎಲ್ಲವೂ ಸಿಗುತ್ತದೆ, ಎಲ್2 ಬಾಗಿಲಲ್ಲೇ ಇದೆ. ಮೂರು ಮಲಗುವ ಕೋಣೆ ಬೇಕು, ಬಜೆಟ್ ಮಿತವಾಗಿದೆ ಎನ್ನುವ ಕುಟುಂಬಗಳು ಮೊದಲು ಇಲ್ಲಿ ನೋಡಬೇಕು.

ಉಳಿದಿರುವುದು ಬೆಸೋಸ್ ಇ ಎಲ್ ಮರೇಸ್ಮೆ. ಜಿಲ್ಲೆಯಲ್ಲೇ ಕಡಿಮೆ ಬಾಡಿಗೆಯ ಬಡಾವಣೆಗಳಲ್ಲಿ ಇದೂ ಒಂದು. ಪಾಕಿಸ್ತಾನ ಮೂಲದವರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವುದರಿಂದ ಗೋಧಿ ಹಿಟ್ಟು, ತೊಗರಿಬೇಳೆ, ಹಸಿಮೆಣಸಿನಕಾಯಿಗೆ ಪೇಟೆಯ ನಡುವಿನ ರವಾಲ್‌ವರೆಗೆ ಹೋಗಬೇಕಿಲ್ಲ. ಹಿಂದಿ ಬಲ್ಲವರಿಗೆ ಅಂಗಡಿಯಲ್ಲಿ ಮಾತಿನ ತೊಂದರೆಯೂ ಇಲ್ಲ. ಈ ಬಡಾವಣೆಯ ಬಗ್ಗೆ ಏಜೆಂಟರು ಆಡುವ ಪಿಸುಮಾತುಗಳನ್ನು ಪೂರ್ತಿ ನಂಬಬೇಡಿ, ಪೂರ್ತಿ ಕಡೆಗಣಿಸಲೂ ಬೇಡಿ: ಪ್ರಿಮ್ ರಾಂಬ್ಲಾದ ಉದ್ದಕ್ಕೂ ಸಂಜೆ ಒಮ್ಮೆ, ರಾತ್ರಿ ಹತ್ತರ ನಂತರ ಒಮ್ಮೆ ನಡೆದು ನೋಡಿ. ಇಲ್ಲಿಯ ಹಳೆಯ ಸಮುಚ್ಚಯಗಳಲ್ಲಿ ಮನೆ ನೋಡುವಾಗ ಕಟ್ಟಡದ ತಾಂತ್ರಿಕ ತಪಾಸಣಾ ವರದಿಯನ್ನು ಕೇಳುವುದನ್ನು ಮಾತ್ರ ಮರೆಯಬಾರದು. ಕತಲೂನ್ಯದಲ್ಲಿ ನಲವತ್ತೈದು ವರ್ಷ ದಾಟಿದ ವಸತಿ ಕಟ್ಟಡಗಳಿಗೆ ಆ ತಪಾಸಣೆ ಕಡ್ಡಾಯ.

ಐದನೆಯ ಹೆಜ್ಜೆ: ಮನೆಯೊಳಗೆ

ಮನೆ ನೋಡಲು ಸಾಮಾನ್ಯವಾಗಿ ಹದಿನೈದು ನಿಮಿಷವಷ್ಟೇ ಕೊಡುತ್ತಾರೆ, ಅದರಲ್ಲಿ ಏಜೆಂಟರ ಮಾತೇ ಅರ್ಧ. ಹೀಗಾಗಿ ನೋಡಬೇಕಾದ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಕು.

ಮಹಡಿಯ ಲೆಕ್ಕದಿಂದ ಆರಂಭಿಸಿ. ಬಾರ್ಸಿಲೋನಾದ ಹಳೆಯ ಕಟ್ಟಡಗಳಲ್ಲಿ ನೆಲಮಹಡಿಯ ಮೇಲೆ ‘ಎಂತ್ರೆಸೋಲ್’, ಅದರ ಮೇಲೆ ‘ಪ್ರಿನ್ಸಿಪಾಲ್’, ಆಮೇಲಷ್ಟೇ ಒಂದನೆಯ ಮಹಡಿ. ಕ್ಲೋತ್‌ನ ಲಿಫ್ಟ್ ಇಲ್ಲದ ಕಟ್ಟಡವೊಂದರಲ್ಲಿ ‘ಮೂರನೆಯ ಮಹಡಿ, ಎರಡನೆಯ ಬಾಗಿಲು’ ಎಂದು ಜಾಹೀರಾತಿನಲ್ಲಿದ್ದರೆ ಅದು ಐದು ಮಹಡಿಗಳ ಮೆಟ್ಟಿಲಾಗಿರಬಹುದು. ಇಪ್ಪತ್ತು ಕಿಲೋ ಅಕ್ಕಿ ಚೀಲವನ್ನೋ ಮಗುವಿನ ತಳ್ಳುಗಾಡಿಯನ್ನೋ ಹೊತ್ತು ದಿನವೂ ಹತ್ತುವವರು ನೀವು, ಏಜೆಂಟರಲ್ಲ. ನೆಲಮಹಡಿ ಹಾಗೂ ಎಂತ್ರೆಸೋಲ್ ಮನೆಗಳಲ್ಲಿ, ಅದರಲ್ಲೂ ಕಡಲಿಗೆ ಹತ್ತಿರ, ಗೋಡೆಯ ಕೆಳಭಾಗದ ಬಣ್ಣ ಉಬ್ಬಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ.

ಎರಡನೆಯದು ಬೆಳಕು. ‘ಎಕ್ಸ್‌ತೆರಿಯೋರ್’ ಎಂದರೆ ಬೀದಿಗೆ ಅಥವಾ ಚೌಕದ ಒಳ ಅಂಗಳಕ್ಕೆ ತೆರೆದುಕೊಂಡ ಮನೆ. ‘ಇಂತೆರಿಯೋರ್’ ಎಂದರೆ ಕಿಟಕಿಗಳು ಇಕ್ಕಟ್ಟಾದ ಬೆಳಕಿಂಡಿಯ ಕಡೆಗಷ್ಟೇ ಇರುವ ಮನೆ. ಹಳೆಯ ಮನೆಗಳಲ್ಲಿ ಮುಂದಿನ ಕೋಣೆ ಬೆಳ್ಳಗೆ ಹೊಳೆಯುತ್ತಿದ್ದರೂ ನಡುವಿನ ಎರಡು ಮಲಗುವ ಕೋಣೆಗಳು ಈ ಬೆಳಕಿಂಡಿಯನ್ನೇ ನಂಬಿಕೊಂಡಿರುತ್ತವೆ. ಎಲ್ಲ ದೀಪಗಳನ್ನು ಆರಿಸಲು ಹೇಳಿ, ಆಮೇಲೆ ಆ ಕೋಣೆಗಳಲ್ಲಿ ನಿಂತು ನೋಡಿ. ಜಾಹೀರಾತಿನ ಚದರ ಮೀಟರ್ ‘ಕೊನ್‌ಸ್ತ್ರುಯಿದೋಸ್’ (ಗೋಡೆಗಳನ್ನೂ ಸೇರಿಸಿದ ಅಳತೆ) ಆಗಿದೆಯೋ ‘ಊತಿಲೆಸ್’ (ಬಳಕೆಗೆ ಸಿಗುವ ಅಳತೆ) ಆಗಿದೆಯೋ ಎಂಬುದನ್ನೂ ಕೇಳಬೇಕು.

ಮೂರನೆಯದು ಅಡುಗೆಮನೆ, ಕನ್ನಡಿಗರ ಮನೆಯಲ್ಲಿ ಇದನ್ನು ಕೊನೆಗೆ ಬಿಡುವಂತಿಲ್ಲ. ಒಲೆ ಕೊಳವೆ ಅನಿಲದ್ದೋ, ವಿದ್ಯುತ್ತಿನದೋ, ‘ಬೊಂಬೋನಾ’ ಎಂಬ ಕಿತ್ತಳೆ ಬಣ್ಣದ 12.5 ಕಿಲೋ ಬ್ಯುಟೇನ್ ಸಿಲಿಂಡರಿನದೋ ನೋಡಿ. ಸಿಲಿಂಡರಾದರೆ ಮೇಲೆ ಹೇಳಿದ ಮೆಟ್ಟಿಲಿನ ಲೆಕ್ಕವನ್ನು ಮತ್ತೊಮ್ಮೆ ಮಾಡಿ. ವಿದ್ಯುತ್ತಿನದಾದರೆ ಕರಾರಿನ ವಿದ್ಯುತ್ ಸಾಮರ್ಥ್ಯ ಎಷ್ಟು ಕಿಲೋವ್ಯಾಟ್ ಎಂದು ಹಳೆಯ ಬಿಲ್ಲಿನಲ್ಲಿ ನೋಡಬೇಕು. 3.45 ಕಿಲೋವ್ಯಾಟ್ ಇರುವ ಮನೆಯಲ್ಲಿ ಇಂಡಕ್ಷನ್ ಒಲೆಯ ಮೇಲೆ ಸಾಂಬಾರು ಕುದಿಯುತ್ತಿರುವಾಗ ಬಟ್ಟೆ ಒಗೆಯುವ ಯಂತ್ರವೂ ನೀರು ಬಿಸಿಮಾಡುತ್ತಿದ್ದು, ಅದರ ಮೇಲೆ 750 ವ್ಯಾಟಿನ ಮಿಕ್ಸಿಯನ್ನು ತಿರುಗಿಸಿದರೆ ಮನೆಯೆಲ್ಲ ಕತ್ತಲಾಗಬಹುದು. ಸಾಮರ್ಥ್ಯವನ್ನು ಹೆಚ್ಚಿಸಿಕೊಳ್ಳಲು ಸಾಧ್ಯ, ಆದರೆ ಹಳೆಯ ವೈರಿಂಗ್ ಅದನ್ನು ತಾಳಿಕೊಳ್ಳುತ್ತದೆಯೇ ಎಂಬುದರ ಉತ್ತರ ಮಾಲೀಕರಿಂದ ಬರಬೇಕು. ಒಲೆಯ ಮೇಲಿನ ಹೊಗೆ ಹೀರುವ ಯಂತ್ರ ನಿಜವಾಗಿ ಹೊರಗೆ ಹೊಗೆ ಬಿಡುತ್ತದೆಯೋ ಅಥವಾ ಗಾಳಿಯನ್ನು ಸೋಸಿ ಅಡುಗೆಮನೆಗೇ ಮರಳಿಸುತ್ತದೆಯೋ ಎಂದು ಪರೀಕ್ಷಿಸಿ. ಒಗ್ಗರಣೆಯ ಘಾಟು ಬೆಳಕಿಂಡಿಯ ಮೂಲಕ ಐದು ಮನೆಗಳಿಗೆ ಹೋದರೆ ನೆರೆಹೊರೆಯ ಸ್ನೇಹ ಬೆಳೆಯುವುದು ಕಷ್ಟ.

ಇವುಗಳ ಜೊತೆಗೆ ನೀರಿನ ಒತ್ತಡ, ಕಿಟಕಿಗೆ ಜೋಡಿ ಗಾಜು, ಚಳಿಗಾಲದ ಹೀಟರ್, ಫೋನ್ ಸಿಗ್ನಲ್ ನೋಡಿಕೊಳ್ಳಿ. ಹೊರಬರುವಾಗ ಕಟ್ಟಡದ ಬಾಗಿಲಲ್ಲಿ ಸಂಖ್ಯೆಯ ಬೀಗವಿರುವ ಪುಟ್ಟ ಕೀಲಿ ಪೆಟ್ಟಿಗೆಗಳು ತೂಗುತ್ತಿದ್ದರೆ ಅಲ್ಲಿ ಪ್ರವಾಸಿಗರ ಮನೆಗಳಿವೆ ಎಂದು ತಿಳಿಯಿರಿ.

ಆರನೆಯ ಹೆಜ್ಜೆ: ಹಣ ಕೊಡುವ ಮುನ್ನ

ಮನೆಯನ್ನು ಕಣ್ಣಾರೆ ನೋಡದೆ, ಅಥವಾ ನಂಬಿಕಸ್ತರಿಂದ ನೋಡಿಸದೆ ಒಂದು ಯೂರೊವನ್ನೂ ಕಳಿಸಬಾರದು. ‘ನಾನು ವಿದೇಶದಲ್ಲಿದ್ದೇನೆ, ಠೇವಣಿ ಹಾಕಿ, ಕೀಲಿಯನ್ನು ಕೊರಿಯರ್ ಮಾಡುತ್ತೇನೆ’ ಎನ್ನುವ ಮಾಲೀಕರು ಮಾಲೀಕರೇ ಅಲ್ಲ. ಸಂಶಯವಿದ್ದರೆ ಆಸ್ತಿ ನೋಂದಣಿ ಕಚೇರಿಯ ಜಾಲತಾಣದಿಂದ ಸುಮಾರು ಹತ್ತು ಯೂರೊ ಕೊಟ್ಟು ‘ನೋತಾ ಸಿಂಪ್ಲೆ’ ಎಂಬ ಉದ್ಧೃತ ಪತ್ರವನ್ನು ತರಿಸಿಕೊಳ್ಳಬಹುದು. ನಮ್ಮ ಪಹಣಿಯಂತೆ ಅದರಲ್ಲಿ ಮಾಲೀಕರ ಹೆಸರು, ಅಡಮಾನದ ವಿವರ ಇರುತ್ತವೆ. ಕರಾರು ಸ್ಪ್ಯಾನಿಷ್ ಅಥವಾ ಕತಲಾನ್ ಭಾಷೆಯಲ್ಲಿರುತ್ತದೆ. ಅನುವಾದದ ಆ್ಯಪ್‌ನಲ್ಲಿ ಓದಿಕೊಂಡರೂ ಅವಧಿ, ಕರಾರಿನ ಬಗೆ, ವಾರ್ಷಿಕ ಏರಿಕೆ, ನೀರು–ವಿದ್ಯುತ್–ಕಸದ ಶುಲ್ಕ ಯಾರದು, ದುರಸ್ತಿ ಯಾರದು ಎಂಬ ಭಾಗಗಳನ್ನು ಭಾಷೆ ಬಲ್ಲವರೊಬ್ಬರಿಂದ ಓದಿಸಿಕೊಳ್ಳಿ. ಮನೆಯನ್ನು ವಾಸಯೋಗ್ಯವಾಗಿ ಇಡುವ ದೊಡ್ಡ ದುರಸ್ತಿಗಳು ಕಾನೂನಿನಂತೆ ಮಾಲೀಕರ ಹೊಣೆ, ದಿನಬಳಕೆಯಿಂದಾಗುವ ಸಣ್ಣಪುಟ್ಟವು ಬಾಡಿಗೆದಾರರದು.

ಠೇವಣಿಯನ್ನು ಮಾಲೀಕರು ತಮ್ಮ ಕೈಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಕತಲೂನ್ಯದಲ್ಲಿ ಅದನ್ನು ಇಂಕಸೋಲ್ ಎಂಬ ಸರ್ಕಾರಿ ಸಂಸ್ಥೆಯಲ್ಲಿ ಜಮಾ ಮಾಡಬೇಕು. ಜಮಾ ಮಾಡಿದ ರಸೀದಿಯ ಪ್ರತಿಯನ್ನು ಕೇಳಿ ಪಡೆಯಿರಿ. ಮನೆ ಬಿಟ್ಟು ಕೀಲಿ ಕೊಟ್ಟ ದಿನದಿಂದ ಒಂದು ತಿಂಗಳೊಳಗೆ ಠೇವಣಿಯನ್ನು ಹಿಂದಿರುಗಿಸದಿದ್ದರೆ ಅದಕ್ಕೆ ಬಡ್ಡಿ ಸೇರತೊಡಗುತ್ತದೆ.

ಕೀಲಿ ಕೈಗೆ ಬಂದ ಮೇಲೆ

ಸಾಮಾನು ಬಿಚ್ಚುವ ಮೊದಲೇ ಪ್ರತಿ ಕೋಣೆಯ ಗೋಡೆ, ನೆಲ, ಸಿಂಕ್, ಒಲೆ, ಮೀಟರುಗಳ ಅಂಕಿಗಳನ್ನು ಫೋಟೊ ತೆಗೆದು ಅದೇ ದಿನ ಏಜೆನ್ಸಿಗೆ ಇಮೇಲ್ ಮಾಡಿ. ನಂತರ ‘ಎಂಪಾದ್ರೊನಾಮೆಂತ್’ ಎಂಬ ನಿವಾಸಿ ನೋಂದಣಿಗೆ ಸಮಯ ಕಾಯ್ದಿರಿಸಿಕೊಳ್ಳಿ. ಆರೋಗ್ಯ ಕಾರ್ಡ್, ಮಕ್ಕಳ ಶಾಲಾ ಪ್ರವೇಶ, ವಲಸೆ ಕಚೇರಿಯ ಕೆಲಸ ಎಲ್ಲದಕ್ಕೂ ಅದೇ ಆಧಾರ. ಸರ್ಕಾರಿ ಶಾಲೆಗಳ ಪ್ರವೇಶದಲ್ಲಿ ಮನೆ ಹತ್ತಿರವಿರುವುದಕ್ಕೆ ಅಂಕಗಳಿವೆ, ಅರ್ಜಿಯ ಅವಧಿ ಸಾಮಾನ್ಯವಾಗಿ ಮಾರ್ಚ್ ಸುಮಾರಿಗೆ ಬರುತ್ತದೆ; ಹೀಗಾಗಿ ಮಕ್ಕಳಿರುವವರು ಚಳಿಗಾಲ ಮುಗಿಯುವುದರೊಳಗೆ ವಿಳಾಸ ನೋಂದಾಯಿಸಿಕೊಂಡಿರಬೇಕು. ಬೋಧನೆ ಮುಖ್ಯವಾಗಿ ಕತಲಾನ್ ಭಾಷೆಯಲ್ಲಿ ನಡೆಯುತ್ತದೆ ಎಂಬುದನ್ನೂ ತಿಳಿದಿರಿ. ‘ಈ ವಿಳಾಸದಲ್ಲಿ ನೋಂದಣಿ ಮಾಡಿಸಬಾರದು’ ಎಂಬ ಷರತ್ತು ಹಾಕುವ ಮನೆಯನ್ನು ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ಸಾಂತ್ ಮಾರ್ತಿಯ ನಾಗರಿಕ ಸೇವಾ ಕಚೇರಿ ಇರುವುದು ಕ್ಲೋತ್‌ನ ವಾಲೆಂತಿ ಅಲ್ಮಿರಾಯ್ ಚೌಕದಲ್ಲಿ, ಹಿಂದಿನ ಪುರಸಭೆಯ ಕಟ್ಟಡದಲ್ಲಿ. ಕರಾರಿನ ಮೂಲ ಪ್ರತಿ, ಕುಟುಂಬದ ಎಲ್ಲರ ಪಾಸ್‌ಪೋರ್ಟ್ ಮತ್ತು ಮಕ್ಕಳ ಜನನ ಪ್ರಮಾಣಪತ್ರವನ್ನು ಜೊತೆಗೆ ಒಯ್ಯಬೇಕು.